ಕೊನೆಯ ಅಕ್ಷರ ‘ರ’: ದುರ್ಗದ ಸೀಮೆಯ ಒಂದು ಕ್ವಿಜ್ ಸುತ್ತು

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ರಾಜ್ಯೋತ್ಸವಕ್ಕೆ ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಇತಿಹಾಸದ ಕ್ವಿಜ್ ಇಟ್ಟುಕೊಂಡಿದ್ದೇವೆ. ಅದರಲ್ಲಿ ಒಂದು ಸುತ್ತಿನ ಉತ್ತರಗಳೆಲ್ಲ ಒಂದೇ ಅಕ್ಷರದಲ್ಲಿ ಮುಗಿಯಬೇಕು ಅಂತ ಆಸೆ. ಇಂಗ್ಲಿಷ್ ಕ್ವಿಜ್‌ಗಳಲ್ಲಿ ‘ಓ’ ಅಕ್ಷರದಲ್ಲಿ ಮುಗಿಯುವ ಉತ್ತರ ಹೇಳಿ ಎಂದು ಕೇಳುವುದನ್ನು ನೋಡಿದ್ದೆ. ವಾಟರ್‌ಲೂ, ಅಲಮೋ, ಮಾರ್ಕೊ ಪೋಲೊ, ಹೀಗೆ. ಕನ್ನಡದಲ್ಲಿ ಮಾಡಲು ಕೂತರೆ ಗೊಂದಲವಾಗುತ್ತಿದೆ. ಯಾವ ಅಕ್ಷರ ಆರಿಸಲಿ? ಹರಿಹರ, ಹಿರಿಯೂರು, ಅಕ್ಬರ್ ಎಲ್ಲ ಒಂದೇ ಅಕ್ಷರದಲ್ಲಿ ಮುಗಿಯುತ್ತವೆ ಅನ್ನಬಹುದಾ? ಪ್ರಶ್ನೆಗಳು ಆದಷ್ಟು ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆಯವೇ ಇದ್ದರೆ ಒಳ್ಳೆಯದು.

ಉತ್ತರ: ನಮಸ್ಕಾರ ಮೇಡಂ. ‘ರ’ ಆರಿಸಿಕೊಳ್ಳಿ. ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಅಕ್ಷರ ಸಿಗುವುದಿಲ್ಲ.

ಮೊದಲು ನಿಮ್ಮ ಗೊಂದಲದ ಬೇರು ಎಲ್ಲಿದೆ ನೋಡೋಣ. ನೀವು ಕೊಟ್ಟ ಮೂರು ಹೆಸರುಗಳನ್ನೇ ಕನ್ನಡದಲ್ಲಿ ಬೋರ್ಡ್ ಮೇಲೆ ಬರೆಯಿರಿ. ವಾಟರ್‌ಲೂ ‘ಲೂ’ ಅಂತ ಮುಗಿಯುತ್ತದೆ, ಅಲಮೋ ‘ಮೋ’ ಅಂತ, ಪೋಲೊ ‘ಲೊ’ ಅಂತ. ಇಂಗ್ಲಿಷ್‌ನಲ್ಲಿ ಒಂದೇ ಇದ್ದದ್ದು ಕನ್ನಡಕ್ಕೆ ಬಂದ ಕೂಡಲೇ ಮೂರಾಯಿತು. ನಮ್ಮ ಬರವಣಿಗೆಯಲ್ಲಿ ವ್ಯಂಜನ ಮತ್ತು ಸ್ವರ ಕೂಡಿಯೇ ಒಂದು ಅಕ್ಷರ. ಹಾಗಾಗಿ ಕನ್ನಡದ ಸುತ್ತಿಗೆ ಕನ್ನಡದ ಲೆಕ್ಕವೇ ಬೇಕು. ಕಾಗುಣಿತ ಸಮೇತ ಕೊನೆಯ ಅಕ್ಷರ ಯಾವುದೋ ಅದೇ ಉತ್ತರದ ಅಕ್ಷರ. ಹರಿಹರ ‘ರ’, ಹಿರಿಯೂರು ‘ರು’, ಅಕ್ಬರ್ ‘ರ್’. ಮೂರೂ ಬೇರೆ ಬೇರೆ.

ಇನ್ನು ‘ರ’ ಯಾಕೆ ಅಂದೆ? ನಿಮ್ಮ ಜಿಲ್ಲೆಯ ಆರು ತಾಲ್ಲೂಕುಗಳ ಹೆಸರನ್ನು ಮಕ್ಕಳ ಕೈಯಲ್ಲಿ ಒಂದರ ಕೆಳಗೆ ಒಂದು ಬರೆಸಿ. ಚಿತ್ರದುರ್ಗ, ಹೊಸದುರ್ಗ. ಚಳ್ಳಕೆರೆ, ಹೊಳಲ್ಕೆರೆ. ಹಿರಿಯೂರು, ಮೊಳಕಾಲ್ಮೂರು. ಎರಡು ದುರ್ಗ, ಎರಡು ಕೆರೆ, ಎರಡು ಊರಿನ ರಾಗ. ಜೋಡಿ ಜೋಡಿಯಾಗಿ ನಿಂತಿವೆ. ಪಕ್ಕದ ದಾವಣಗೆರೆ ಜಿಲ್ಲೆಗೆ ಹೋದರೆ ಹರಿಹರ ‘ರ’, ಚನ್ನಗಿರಿ ‘ರಿ’, ಜಗಳೂರು ‘ರು’, ದಾವಣಗೆರೆ ‘ರೆ’. ಹೊನ್ನಾಳಿ, ನ್ಯಾಮತಿ ಎರಡು ಮಾತ್ರ ಸಾಲಿನಿಂದ ಹೊರಗೆ. ರ ಕಾಗುಣಿತವನ್ನು ತಾಲ್ಲೂಕುಗಳ ಹೆಸರಲ್ಲೇ ಕಲಿಸಬಹುದು ನೋಡಿ.

ಇದು ಸುಮ್ನೆ ಅಕ್ಷರದ ಆಟ ಅಲ್ಲ ಮೇಡಂ. ಕನ್ನಡದ ಊರ ಹೆಸರಲ್ಲಿ ಮೊದಲ ಭಾಗ ಯಾರದೋ ಗುರುತು, ಯಾವುದೋ ಮರದ ಗುರುತು ಇರಬಹುದು. ಆದರೆ ಆ ಜಾಗ ಏನಾಗಿತ್ತು ಅನ್ನುವುದು ಕೊನೆಯಲ್ಲಿರುತ್ತದೆ. ನೀರು ಕಟ್ಟಿ ನಿಲ್ಲಿಸಿದ ಕಡೆ ‘ಕೆರೆ’. ಬೆಟ್ಟ ಕಾದ ಕಡೆ ‘ದುರ್ಗ’, ‘ಗಿರಿ’. ಯಾರೋ ಅಧಿಕಾರಿ, ಯಾವುದೋ ದೇವರ ಹೆಸರಲ್ಲಿ ನೆಲೆ ಮಾಡಿದ ಕಡೆ ‘ಪುರ’. ಮಳೆ ಕಡಿಮೆ ಬೀಳುವ ನಮ್ಮ ಬಯಲುಸೀಮೆಯಲ್ಲಿ ಕೆರೆ ಇಲ್ಲದೆ ಊರು ನಿಲ್ಲುತ್ತಿರಲಿಲ್ಲ, ಕಲ್ಲುಗುಡ್ಡ ಇಲ್ಲದೆ ಪಾಳೆಯಪಟ್ಟು ಉಳಿಯುತ್ತಿರಲಿಲ್ಲ. ಹಾಗಾಗಿ ಕೊನೆಯ ಅಕ್ಷರ ಹಿಡಿದು ಪ್ರಶ್ನೆ ಕೇಳುವುದು ಅಂದರೆ ಇತಿಹಾಸದ ಬಾಗಿಲಲ್ಲೇ ನಿಂತು ಕೇಳಿದ ಹಾಗೆ. ಸುತ್ತನ್ನು ಈ ಮನಸ್ಸಿನಿಂದಲೇ ಕಟ್ಟಿ.

ಹತ್ತನೇ ತರಗತಿಯ ಚುರುಕು ಮಕ್ಕಳಿಗೆ ಇನ್ನೂ ಒಂದು ಮಾತು ಹೇಳಬಹುದು. ಹಳಗನ್ನಡದಲ್ಲಿ ‘ಊರು’ ಇರಲಿಲ್ಲ, ‘ಊರ್’ ಇತ್ತು. ‘ಕಲ್ಲು’ ಇರಲಿಲ್ಲ, ‘ಕಲ್’ ಇತ್ತು. ಕೊನೆಯ ‘ಉ’ ಆಮೇಲೆ ಸೇರಿಕೊಂಡದ್ದು. ‘ಕೆರೆ’ಯ ರೆ ಕೂಡ ಇವತ್ತಿನ ರೆ ಅಲ್ಲ. ಹಳೆಯ ಶಾಸನಗಳಲ್ಲಿ ಅದು ‘ಕೆಱೆ’. ಶಕಟರೇಫ ಅನ್ನುತ್ತೇವಲ್ಲ, ಆ ಗಡಸು ಱ. ಮುಂದೆ ಬರವಣಿಗೆಯಿಂದಲೇ ಅದು ಬಿದ್ದುಹೋಯಿತು. ಸಾವಿರ ವರ್ಷದ ಹಿಂದೆ ಇದೇ ಕ್ವಿಜ್ ನಡೆಸಿದ್ದರೆ ಹಿರಿಯೂರು, ಚಳ್ಳಕೆರೆ ಬೇರೆ ಬೇರೆ ವ್ಯಂಜನದ ಸುತ್ತಿಗೆ ಹೋಗುತ್ತಿದ್ದವು. ಇದನ್ನು ಪ್ರಶ್ನೆ ಮಾಡಬೇಡಿ. ಸುತ್ತು ಮುಗಿದ ಮೇಲೆ ಎರಡು ನಿಮಿಷ ಹೇಳಿ, ಮಕ್ಕಳ ಕಣ್ಣು ಅರಳುತ್ತದೆ.

ಈಗ ನಿಯಮ. ಸುತ್ತು ಶುರುವಾಗುವ ಮೊದಲೇ ಇದನ್ನು ಗಟ್ಟಿಯಾಗಿ ಓದಿಬಿಡಿ. ಆಮೇಲೆ ಜಗಳ ಇರುವುದಿಲ್ಲ.

ಉತ್ತರ ಶುದ್ಧ ‘ರ’ದಲ್ಲಿ ಮುಗಿಯಬೇಕು. ರಿ, ರು, ರೆ ನಡೆಯುವುದಿಲ್ಲ. ವಿಭಕ್ತಿ ಸೇರಿಸಬಾರದು, ‘ಹರಿಹರದಲ್ಲಿ’ ಅಂದರೆ ಉತ್ತರ ಅಲ್ಲ, ‘ಹರಿಹರ’ ಅನ್ನಬೇಕು. ಒತ್ತಕ್ಷರದ ಕಡೆ ಜಾಸ್ತಿ ಗಮನ ಕೊಡಿ. ಮಹಾರಾಷ್ಟ್ರ ಅಂದಾಗ ಕಿವಿಗೆ ರ ಕೇಳುತ್ತದೆ, ಆದರೆ ಕೊನೆಯ ಅಕ್ಷರ ‘ಷ್ಟ್ರ’. ಅದನ್ನು ಬಿಡಿ. ಇನ್ನೊಂದು ತೊಡಕು ನಮ್ಮ ಊರಿನ ಹೆಸರಲ್ಲೇ ಇದೆ. ‘ಚಿತ್ರದುರ್ಗ’ ಅಂತ ಕೈಯಲ್ಲಿ ಬರೆದು ನೋಡಿ. ಬಾಯಲ್ಲಿ ರ್ ಮೊದಲು, ಗ ಆಮೇಲೆ. ಆದರೆ ಪೆನ್ನು ಮೊದಲು ಗ ಬರೆಯುತ್ತದೆ, ಆಮೇಲೆ ಅರ್ಕಾವತ್ತು ಹಾಕುತ್ತದೆ. ‘ಕೊನೆಗೆ ಬರೆದದ್ದು ರ್ ಅಲ್ವಾ ಸಾರ್?’ ಅಂತ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಅರ್ಕಾವತ್ತು ಬರೆಯುವುದು ಆಮೇಲೆ, ಓದುವುದು ಮೊದಲು. ನಾವು ಲೆಕ್ಕ ಹಿಡಿಯುವುದು ಓದುವ ಕ್ರಮ ಅಂತ ಹೇಳಿದೆ. ನಿಮ್ಮಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧ ಇಟ್ಟುಕೊಳ್ಳಿ.

ಅಕ್ಬರ್ ವಿಷಯ. ಕೆಲವು ಹಳೆಯ ಪುಸ್ತಕಗಳಲ್ಲಿ ‘ಅಕ್ಬರ’ ಅಂತಲೂ ಇರುತ್ತದೆ, ಹೊಸದರಲ್ಲಿ ‘ಅಕ್ಬರ್’. ಹೀಗೆ ಎರಡು ರೂಪ ಇರುವ ಹೆಸರನ್ನು ಈ ಸುತ್ತಿಗೆ ತರಲೇಬೇಡಿ. ಬೇಕಿದ್ದರೆ ‘ರ್’ ಅಂತಲೇ ಬೇರೆ ಸಣ್ಣ ಸುತ್ತು ಮಾಡಿ. ಬಾಬರ್, ಅಕ್ಬರ್ ಅಲ್ಲಿಗೆ ಹೋಗಲಿ. ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅಲ್ಲಿಗೆ ಬರುತ್ತಾರೆ. 1947ರಲ್ಲಿ ನಮ್ಮ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಉತ್ಖನನ ಮಾಡಿಸಿದ ಮಾರ್ಟಿಮರ್ ವ್ಹೀಲರ್ ಕೂಡ ಬರುತ್ತಾರೆ. ಹೊರಗಿನಿಂದ ಬಂದ ಹೆಸರುಗಳೇ ಹೆಚ್ಚಾಗಿ ಹೀಗೆ ಅರ್ಧಾಕ್ಷರದಲ್ಲಿ ನಿಲ್ಲುತ್ತವೆ ಅನ್ನುವುದನ್ನೂ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

‘ಕ’ ಯಾಕೆ ಬೇಡ ಅಂತ ನೀವು ಕೇಳಬಹುದು. ತಿಮ್ಮಣ್ಣ ನಾಯಕ, ಭರಮಣ್ಣ ನಾಯಕ, ಮದಕರಿ ನಾಯಕ ಎಲ್ಲ ಇದ್ದಾರಲ್ಲ. ಅದೇ ತೊಂದರೆ. ಎರಡನೇ ಪ್ರಶ್ನೆಗೇ ಮಕ್ಕಳಿಗೆ ಗುಟ್ಟು ತಿಳಿಯುತ್ತದೆ. ಆಮೇಲೆ ಏನು ಕೇಳಿದರೂ ಯಾವುದೋ ಒಂದು ಹೆಸರಿಗೆ ‘ನಾಯಕ’ ಸೇರಿಸಿ ಬಜರ್ ಒತ್ತುತ್ತಾರೆ. ‘ರ’ದಲ್ಲಿ ಊರಿದೆ, ಕೆರೆ ಇದೆ, ಗುಡಿ ಇದೆ, ರಾಜ, ಕವಿ, ಕಾವಲುಗಾರ ಎಲ್ಲರೂ ಇದ್ದಾರೆ. ಊಹೆಗೆ ಸಿಗುವುದಿಲ್ಲ.

ಪ್ರಶ್ನೆಗಳಿಗೆ ಬರೋಣ.

ಮೊದಲ ಪ್ರಶ್ನೆ ‘ಹರಿಹರ’ ಆಗಿರಲಿ. ಆದರೆ ಸುಲಭವಾಗಿ ಬಿಟ್ಟುಕೊಡಬೇಡಿ. ಒಂದೇ ಉತ್ತರಕ್ಕೆ ಮೂರು ಸುಳಿವು ಕೊಡಿ. ಒಂದು, ತಮ್ಮ ಬುಕ್ಕನ ಜೊತೆ 1336ರಲ್ಲಿ ವಿಜಯನಗರ ರಾಜ್ಯ ಕಟ್ಟಿದವನು. ಎರಡು, ರಾಘವಾಂಕನ ಸೋದರಮಾವ, ರಗಳೆಗೆ ಹೆಸರಾದ ಹಂಪಿಯ ಕವಿ. ಮೂರು, ತುಂಗಭದ್ರೆಯ ದಡದಲ್ಲಿರುವ ದಾವಣಗೆರೆ ಜಿಲ್ಲೆಯ ಊರು. ಮೊದಲ ಸುಳಿವಿಗೇ ಹೇಳಿದವರಿಗೆ ಹೆಚ್ಚು ಅಂಕ. ಮಕ್ಕಳು ಆಮೇಲೆ ಒಂದು ತಪ್ಪು ಮಾಡುತ್ತಾರೆ. ಊರಿಗೆ ರಾಜನ ಹೆಸರು ಇಟ್ಟಿರಬೇಕು ಅಂದುಕೊಳ್ಳುತ್ತಾರೆ. ಇಸವಿ ತೋರಿಸಿ. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು 1224ರಲ್ಲಿ. ವಿಜಯನಗರ ಹುಟ್ಟಿದ್ದು ಅದಾಗಿ ನೂರು ವರ್ಷ ಕಳೆದ ಮೇಲೆ. ಊರಿಗೆ ಹೆಸರು ಬಂದದ್ದು ದೇವರಿಂದ. ಒಂದೇ ವಿಗ್ರಹದಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಯಾವುದು ಮೊದಲು, ಯಾವುದು ಆಮೇಲೆ ಅಂತ ಇಸವಿ ಇಟ್ಟು ನೋಡುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ.

ಇಲ್ಲೇ ಒಂದು ಎಚ್ಚರಿಕೆ. ಹರಿಹರದ ಸ್ಥಳಪುರಾಣದಲ್ಲಿ ಗುಹಾಸುರ ಬರುತ್ತಾನೆ. ಚಿತ್ರದುರ್ಗದ ಬೆಟ್ಟದ ಕತೆಯಲ್ಲಿ ಹಿಡಿಂಬಾಸುರ ಬರುತ್ತಾನೆ, ಭೀಮ ಅವನನ್ನು ಇಲ್ಲೇ ಕೊಂದ ಅನ್ನುತ್ತಾರೆ. ಇಬ್ಬರ ಹೆಸರೂ ‘ರ’ದಲ್ಲೇ ಮುಗಿಯುತ್ತದೆ. ಕೈ ಬಿಡಲು ಮನಸ್ಸು ಬರುವುದಿಲ್ಲ. ಬಿಡಬೇಡಿ. ಆದರೆ ಪ್ರಶ್ನೆಯಲ್ಲಿ ‘ಸ್ಥಳಪುರಾಣದ ಪ್ರಕಾರ’ ಅನ್ನುವ ಎರಡು ಪದ ಇರಲೇಬೇಕು. ಕತೆಗೆ ಕತೆಯ ಜಾಗ, ಶಾಸನಕ್ಕೆ ಶಾಸನದ ಜಾಗ. ಹಾಗೆ ನೋಡಿದರೆ ಕೋಟೆಯ ಮೇಲಿನ ಗುಡಿಗಳೇ ಬೇಕಾದಷ್ಟಿವೆ: ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಫಲ್ಗುಣೇಶ್ವರ. ‘ಈಶ್ವರ’ ಸೇರಿದ ಹೆಸರೆಲ್ಲ ‘ರ’ಕ್ಕೆ ಬರುವುದರಿಂದ ಗುಡಿಯ ಪ್ರಶ್ನೆ ಒಂದೇ ಸಾಕು. ಜಾಸ್ತಿ ಕೇಳಿದರೆ ‘ನಾಯಕ’ರ ಕತೆಯೇ ಆಗುತ್ತದೆ.

ಕೆರೆಯ ಪ್ರಶ್ನೆ ಬರೆಯುವಾಗ ನಾನು ಒಮ್ಮೆ ಮಾಡಿದ ತಪ್ಪು ಹೇಳುತ್ತೇನೆ. ತುಂಬಾ ವರ್ಷದ ಹಿಂದೆ ಒಂದು ಶಾಲೆಯಲ್ಲಿ ಇದೇ ಥರದ ಸುತ್ತು ನಡೆಸುತ್ತಿದ್ದೆ. ‘ಹಿರಿಯೂರಿನ ಹತ್ತಿರ ವೇದಾವತಿ ನದಿಗೆ ಕಟ್ಟಿದ ಅಣೆಕಟ್ಟಿನ ಜಲಾಶಯ ಯಾವುದು?’ ಅಂತ ಕೇಳಿದೆ. ಹಿರಿಯೂರು ಕಡೆಯ ಒಬ್ಬ ಹುಡುಗ ಥಟ್ಟನೆ ಎದ್ದು ‘ಮಾರಿಕಣಿವೆ’ ಅಂದ. ನನ್ನ ಚೀಟಿಯಲ್ಲಿ ಇದ್ದದ್ದು ‘ವಾಣಿವಿಲಾಸ ಸಾಗರ’. ‘ರ’ದಲ್ಲಿ ಮುಗಿಯಲಿಲ್ಲ ಅಂತ ಸೊನ್ನೆ ಹಾಕಿದೆ. ಹುಡುಗ ಏನೂ ಅನ್ನದೆ ಕೂತ. ಅವನ ಮನೆಯಲ್ಲಿ, ಹೊಲದಲ್ಲಿ ಎಲ್ಲರೂ ಅನ್ನುವುದು ಮಾರಿಕಣಿವೆ ಅಂತಲೇ. ಅವನಿಗೆ ಗೊತ್ತಿದ್ದದ್ದು ನಿಜ, ನಾನು ಕೇಳಿದ ರೀತಿ ಸರಿ ಇರಲಿಲ್ಲ. ಅವನ ಮುಖ ಇನ್ನೂ ಕಣ್ಣ ಮುಂದೆ ಇದೆ.

ಆವತ್ತಿನಿಂದ ಆ ಪ್ರಶ್ನೆಯನ್ನು ಹೀಗೆ ಬರೆಯುತ್ತೇನೆ: ‘ಜನ ಮಾರಿಕಣಿವೆ ಎಂದು ಕರೆಯುವ ಜಲಾಶಯಕ್ಕೆ ಮೈಸೂರಿನ ಮಹಾರಾಣಿಯೊಬ್ಬರ ನೆನಪಿನ ಹೆಸರೂ ಇದೆ. ಆ ಹೆಸರು ಯಾವುದು?’ ಈಗ ಉತ್ತರ ಒಂದೇ. ಜನರ ಮಾತಿನ ಹೆಸರಿಗೂ ಮರ್ಯಾದೆ ಸಿಕ್ಕಿತು. ಇದರ ಹಿಂದಿನ ಸಂಗತಿ ಮಕ್ಕಳಿಗೆ ಹೇಳುವಂಥದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕವರಿದ್ದಾಗ, 1895ರಿಂದ 1902ರವರೆಗೆ, ಅವರ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು ರಾಜ್ಯ ನೋಡಿಕೊಂಡರು. ಅಣೆಕಟ್ಟಿನ ಕೆಲಸ ಶುರುವಾದದ್ದು ಆಗಲೇ, 1898ರಲ್ಲಿ. ಮುಗಿದದ್ದು 1907ರಲ್ಲಿ. ಕೆಲಸ ಶುರುವಾದಾಗ ದಿವಾನರಾಗಿದ್ದವರು ಮೇಲೆ ‘ರ್’ ಸುತ್ತಿಗೆ ಕಳಿಸಿದೆವಲ್ಲ, ಅದೇ ಶೇಷಾದ್ರಿ ಅಯ್ಯರ್. ಎರಡು ಗುಡ್ಡಗಳ ನಡುವಿನ ಕಣಿವೆಯನ್ನೇ ಮುಚ್ಚಿ ನೀರು ನಿಲ್ಲಿಸಿದ್ದಾರೆ. ಜನರ ಹೆಸರಲ್ಲಿ ಆ ‘ಕಣಿವೆ’ ಹಾಗೇ ಉಳಿದಿದೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಅಜ್ಜ ಹೇಳಿದ ಕತೆಯನ್ನು ಮೊಮ್ಮಗ ಕಣ್ಣಾರೆ ಕಂಡ. ನಿಮ್ಮ ಶಾಲೆಯ ಎಷ್ಟೋ ಮಕ್ಕಳು ಆಗ ಅಪ್ಪ ಅಮ್ಮನ ಜೊತೆ ಕೋಡಿ ನೋಡಲು ಹೋಗಿರುತ್ತಾರೆ. ಕೇಳಿ ನೋಡಿ.

ಇದೇ ಅಳತೆಯಲ್ಲಿ ಇನ್ನೊಂದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಇನ್ನೊಂದು ಹೆಸರು ‘ಶಾಂತಿಸಾಗರ’. ರಾಜಕುಮಾರಿ ಶಾಂತವ್ವ ಕಟ್ಟಿಸಿದಳು ಅನ್ನುವ ಕತೆ ಎಲ್ಲರಿಗೂ ಗೊತ್ತಿದೆ. ಗಮನಿಸಿದಿರಾ? ಎರಡು ಕಡೆಯೂ ಜನರ ಬಾಯಲ್ಲಿ ಕಣಿವೆ, ಕೆರೆ. ಕಾಗದದ ಮೇಲೆ ಸಾಗರ. ಎರಡನ್ನೂ ಒಂದೇ ಸುತ್ತಿನಲ್ಲಿ ಬೇರೆ ಬೇರೆ ತಂಡಕ್ಕೆ ಕೇಳಿ.

ಓಬವ್ವನನ್ನು ಬಿಟ್ಟು ಚಿತ್ರದುರ್ಗದ ಕ್ವಿಜ್ ಮಾಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಅವಳ ಹೆಸರು ‘ವ್ವ’ದಲ್ಲಿ ಮುಗಿಯುತ್ತದೆ. ಹಾಗಾಗಿ ಅವಳನ್ನು ಪ್ರಶ್ನೆಯೊಳಗೆ ತನ್ನಿ: ‘ಹೈದರ್ ಅಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬಂದಾಗ ಓಬವ್ವ ಒನಕೆ ಹಿಡಿದು ನಿಂತಳು. ಊಟಕ್ಕೆಂದು ಮನೆಗೆ ಬಂದಿದ್ದ ಅವಳ ಗಂಡ ಕೋಟೆಯಲ್ಲಿ ಯಾವ ಕೆಲಸದಲ್ಲಿದ್ದ?’ ಉತ್ತರ ‘ಕಾವಲುಗಾರ’. ಅದರ ಬೆನ್ನಿಗೇ ಇನ್ನೊಂದು: ‘ವಿಜಯನಗರದ ಅರಸರ ಕೈಕೆಳಗೆ ಒಂದು ಪ್ರದೇಶ ನೋಡಿಕೊಂಡು, ದಂಡು ಇಟ್ಟುಕೊಂಡು, ಆಮೇಲೆ ತಾವೇ ಆಳತೊಡಗಿದ ಚಿತ್ರದುರ್ಗದ ನಾಯಕರಂಥ ಒಡೆಯನಿಗೆ ಏನನ್ನುತ್ತಾರೆ?’ ಉತ್ತರ ‘ಪಾಳೆಯಗಾರ’. ಪಾಳೆಯ ಅಂದರೆ ದಂಡು ಬೀಡುಬಿಟ್ಟ ಜಾಗ. ಮಕ್ಕಳು ‘ಪಾಳೇಗಾರ’ ಅಂದರೂ ಒಪ್ಪಿಕೊಳ್ಳಿ, ಕೊನೆಯ ಅಕ್ಷರ ಬದಲಾಗುವುದಿಲ್ಲ. ನಾಯಕರ ಆಳ್ವಿಕೆ ಮುಗಿದದ್ದು 1779ರಲ್ಲಿ, ಹೈದರ್ ಅಲಿ ಕೊನೆಯ ಮದಕರಿ ನಾಯಕನಿಂದ ಕೋಟೆ ಗೆದ್ದುಕೊಂಡಾಗ. ಅದನ್ನು ವಿವರಣೆಯಲ್ಲಿ ಸೇರಿಸಿ.

ಬಳೆಗಾರ, ಕಾವಲುಗಾರ, ಪಾಳೆಯಗಾರ. ಬೀದಿಯಲ್ಲಿ ಬಳೆ ಮಾರುವವನಿಗೂ ಕೋಟೆ ಆಳಿದವನಿಗೂ ಕನ್ನಡ ಒಂದೇ ‘ಗಾರ’ ಹಚ್ಚಿದೆ. ಈ ಎಳೆ ಹಿಡಿದೇ ನಾನು ಈ ಸುತ್ತಿನ ಅತಿ ದೊಡ್ಡ ಪ್ರಶ್ನೆಗೆ ಹೋಗುತ್ತೇನೆ. ನಿಮಗೆ ಸಮಯ ಕಡಿಮೆ ಇದ್ದರೆ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಕಿರು ಬಂಡೆ ಶಾಸನಗಳು ಹತ್ತಿರ ಹತ್ತಿರದ ಮೂರು ಕಡೆ ಇವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಶಾಸನ ಸಂಶೋಧಕ ಬಿ.ಎಲ್. ರೈಸ್ ಅವರು ಇವನ್ನು 1892ರಲ್ಲಿ ಬೆಳಕಿಗೆ ತಂದರು. ಮೂರರಲ್ಲಿ ಎರಡು ‘ರ’ದಲ್ಲೇ ಮುಗಿಯುತ್ತವೆ. ಅದೇ ಒಂದು ಪ್ರಶ್ನೆ: ‘ಬ್ರಹ್ಮಗಿರಿಯ ಜೊತೆ ಅಶೋಕನ ಶಾಸನ ಸಿಕ್ಕ ಇನ್ನೆರಡು ಜಾಗ ಹೇಳಿ.’

ಆದರೆ ನಾನು ಹೇಳಹೊರಟದ್ದು ಬೇರೆ. ಬ್ರಹ್ಮಗಿರಿಯ ಬಂಡೆಯ ಮುಂದೆ ನಿಂತರೆ ಬ್ರಾಹ್ಮಿ ಅಕ್ಷರಗಳು ಸಾಲು ಸಾಲಾಗಿ ಕಾಣುತ್ತವೆ. ಕಲ್ಲು ನುಣುಪಾಗಿಲ್ಲ. ಗೆರೆ ಸ್ವಲ್ಪ ಏರುತ್ತದೆ, ಸ್ವಲ್ಪ ಇಳಿಯುತ್ತದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಅನ್ನುವ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ ಮಾತು ಶುರು ಮಾಡುತ್ತಾರೆ. ನಾವು ಕಾಗದದಲ್ಲಿ ‘ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಅಂತ ಬರೆಯುತ್ತಿದ್ದೆವಲ್ಲ, ಹಾಗೆ. ಆಮೇಲೆ ರಾಜನ ಮಾತು ಬರುತ್ತದೆ. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ. ಇದು ಹಳೆಯ ಪದ್ಧತಿ ಅಂತಲೂ ಹೇಳಿದೆ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಅದು ‘ಹಳೆಯ ಪದ್ಧತಿ’!

ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರೆದವನ ಹೆಸರಿದೆ. ಚಪಡ. ‘ಚಪಡೇನ ಲಿಖಿತೇ ಲಿಪಿಕರೇಣ’, ಅಂದರೆ ಲಿಪಿಕಾರನಾದ ಚಪಡ ಬರೆದದ್ದು. ಶಾಸನ ಪೂರ್ತಿ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿದೆ. ಆದರೆ ಆ ‘ಲಿಪಿಕರೇಣ’ ಅನ್ನುವ ಕೊನೆಯ ಪದ ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ನಡೆಯುತ್ತಿದ್ದುದು ದೂರದ ವಾಯವ್ಯ ಗಡಿಯಲ್ಲಿ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ಸಾಲು ಓದುತ್ತಾ ಬಂದವನು ಆ ಒಂದು ಪದಕ್ಕೆ ತಿರುಗಿ ಹಿಂದಕ್ಕೆ ಓದಬೇಕು. ಚಪಡ ಆ ಕಡೆಯಿಂದ ಬಂದವನಿರಬೇಕು, ಅಥವಾ ಅಲ್ಲಿ ಕೆಲಸ ಮಾಡಿದವನಿರಬೇಕು ಅಂತ ವಿದ್ವಾಂಸರು ಊಹಿಸುತ್ತಾರೆ. ಅಷ್ಟು ದೂರದ ಬರಹ ಬಲ್ಲವನು ನಮ್ಮ ಮೊಳಕಾಲ್ಮೂರಿನ ಬಂಡೆಗೆ ಬರೆದು, ಕೊನೆಗೆ ತನ್ನ ಕಸುಬಿನ ಹೆಸರನ್ನು ಆ ಇನ್ನೊಂದು ಲಿಪಿಯಲ್ಲಿ ಇಟ್ಟು ಹೋಗಿದ್ದಾನೆ. ಮೊದಲ ಸಲ ಅದನ್ನು ಕಂಡಾಗ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಪ್ರಶ್ನೆ ಹೀಗಿರಲಿ: ‘ಬ್ರಹ್ಮಗಿರಿ ಶಾಸನ ಬರೆದ ಚಪಡ ತನ್ನನ್ನು ಏನೆಂದು ಕರೆದುಕೊಂಡಿದ್ದಾನೆ?’ ಉತ್ತರ ‘ಲಿಪಿಕಾರ’. ಮಕ್ಕಳು ‘ಲಿಪಿಕರ’ ಅಂದರೂ ಸರಿ. ‘ಬರಹಗಾರ’ ಅಂದರೆ? ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ. ಅರ್ಥ ಅದೇ, ಮುಗಿಯುವುದೂ ‘ರ’ದಲ್ಲೇ. ಕಾರ, ಗಾರ ಎರಡೂ ಮಾಡುವ ಕೆಲಸ ಒಂದೇ.

ಇದಕ್ಕಿಂತ ಗಟ್ಟಿ ಪ್ರಶ್ನೆ ಬೇಕಿದ್ದರೆ ತಮಟಕಲ್ಲಿಗೆ ಬನ್ನಿ. ಚಿತ್ರದುರ್ಗದ ಹತ್ತಿರದ ಊರು. ಅಲ್ಲಿಯ ಶಾಸನದಲ್ಲಿ ಕನ್ನಡದ ತೀರಾ ಹಳೆಯ ಪದ್ಯಗಳಲ್ಲಿ ಒಂದಿದೆ. ಸುಮಾರು ಸಾವಿರದ ಐನೂರು ವರ್ಷ ಹಿಂದಿನದು. ಪದ್ಯ ಹೊಗಳುವ ವೀರನ ಬಿರುದು ‘ಗುಣಮಧುರ’. ಹೆಸರು ಕೇಳಲು ಎಷ್ಟು ಹಿತವಾಗಿದೆ ನೋಡಿ. ಯುದ್ಧದಲ್ಲಿ ಗಟ್ಟಿಗ, ಪ್ರೀತಿಸುವವರಿಗೆ ಮನ್ಮಥ ಅಂತೆಲ್ಲ ಪದ್ಯ ಹೊಗಳುತ್ತದೆ. ಪ್ರತಿ ಸಾಲಿನ ಎರಡನೇ ಅಕ್ಷರ ‘ಣ’. ಬಿಣಮಣಿ, ರಣಮುಖ, ಪ್ರಣಯಿ, ಗುಣಮಧುರ. ಆದಿಪ್ರಾಸ ಅಂತ ಕನ್ನಡದ ತರಗತಿಯಲ್ಲಿ ಕಲಿಸುತ್ತಾರಲ್ಲ, ಅದು ಇಲ್ಲಿ ಆಗಲೇ ಇದೆ. ನಾವು ಈ ಸುತ್ತಿನಲ್ಲಿ ಕೊನೆಯ ಅಕ್ಷರ ಹುಡುಕುತ್ತಿದ್ದೇವೆ, ಆ ಕವಿ ಎರಡನೇ ಅಕ್ಷರ ಹೊಂದಿಸುತ್ತಿದ್ದ. ಕನ್ನಡ ಮೇಷ್ಟ್ರನ್ನೂ ವೇದಿಕೆಗೆ ಕರೆದು ಈ ಪದ್ಯ ಓದಿಸಿ. ಚೆನ್ನಾಗಿರುತ್ತದೆ.

ಹೊಸ ಕಾಲದ್ದು ಒಂದಾದರೂ ಬೇಕು, ಅದೂ ರಾಜ್ಯೋತ್ಸವಕ್ಕೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ಅವರ ಸ್ಮಾರಕ ಚಿತ್ರದುರ್ಗದ ಹತ್ತಿರ ಎಲ್ಲಿದೆ? ‘ಸೀಬಾರ’. ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಇದು ಸುಲಭ.

ಲೆಕ್ಕ ಹಾಕಿದರೆ ಹತ್ತು ಹನ್ನೊಂದು ಪ್ರಶ್ನೆ ಆಯಿತು. ಇನ್ನು ಸೇರಿಸಬೇಡಿ. ಕ್ರಮ ಮಾತ್ರ ನೋಡಿಕೊಳ್ಳಿ: ಹರಿಹರದಿಂದ ಶುರು, ಸಾಗರಗಳು ನಡುವೆ, ಲಿಪಿಕಾರ ಮತ್ತು ಗುಣಮಧುರ ಕೊನೆಗೆ. ಪ್ರತಿ ಪ್ರಶ್ನೆ ಬರೆದಾದ ಮೇಲೆ ಮಾರಿಕಣಿವೆಯ ಹುಡುಗನನ್ನು ನೆನೆಸಿಕೊಂಡು, ಬೇರೆ ಸರಿಯುತ್ತರ ಬರಲು ಸಾಧ್ಯವೇ ಅಂತ ಪಕ್ಕದ ತರಗತಿಯ ಶಿಕ್ಷಕರನ್ನು ಒಮ್ಮೆ ಕೇಳಿ. ಅಂಥ ಉತ್ತರ ಬಂದೇ ಬಂದರೆ ಸೊನ್ನೆ ಹಾಕಬೇಡಿ. ‘ಸರಿ, ಇನ್ನೊಂದು ಹೆಸರೂ ಇದೆ, ರ ದಲ್ಲಿ ಮುಗಿಯುತ್ತದೆ’ ಅಂತ ಹೇಳಿ ಹತ್ತು ಸೆಕೆಂಡು ಹೆಚ್ಚು ಕೊಡಿ.

ಎರಡು ತಂಡ ಸಮ ಆದರೆ ಅಂತ ಒಂದು ಪ್ರಶ್ನೆ ತೆಗೆದಿಟ್ಟಿದ್ದೇನೆ. ಚಿತ್ರದುರ್ಗಕ್ಕೆ ಹಳೆಯ ಹೆಸರುಗಳು ಹಲವು. ಬೆಮ್ಮತ್ತನಕಲ್ಲು ಅಂತ ಶಾಸನಗಳಲ್ಲಿದೆ. ಬ್ರಿಟಿಷರ ಕಾಗದಗಳಲ್ಲಿ ಚಿತಲ್‌ದ್ರೂಗ್ ಆಗಿತ್ತು. ಹೊಯ್ಸಳರ ಕಾಲದಲ್ಲಿ ಪೆರುಮಾಳೆ ದಂಡನಾಯಕನ ಹೆಸರಿನಿಂದ ಬಂದ ಇನ್ನೊಂದು ಹೆಸರಿದೆ. ಅದು ಯಾವುದು? ‘ಪೆರುಮಾಳೆಪುರ’. ಕಲ್ಲು, ದುರ್ಗ, ಪುರ, ಮೂರೂ ಕೊನೆಗಳನ್ನು ಕಂಡ ಊರು ನಮ್ಮದು. ಸುಳಿವಿನಲ್ಲೇ ಮುಕ್ಕಾಲು ಉತ್ತರ ಇದೆ. ಉಳಿದ ಎರಡಕ್ಷರ ಯಾವ ಮಗು ಮೊದಲು ಜೋಡಿಸುತ್ತದೆ ನೋಡಿ, ಗೆದ್ದ ತಂಡ ಯಾವುದು ಅಂತ ನನಗೂ ಒಂದು ಸಾಲು ಬರೆಯಿರಿ.